ಹನ್ನೊಂದು ಮನೆ, ಒಂದೇ ಗಾಳಿ: ಮೂಡಿಗೆರೆ ಗುಡ್ಡದ ಒಂದು ನೆಟ್‌ವರ್ಕ್ ಪ್ರಕರಣ

ಬೆಳಗಿನ ಜಾವ ಮೂರು ಗಂಟೆಗೆ ನಮ್ಮ ಮನೆಯ ಇಂಟರ್ನೆಟ್ ವೇಗ 62 ಎಂಬಿಪಿಎಸ್. ರಾತ್ರಿ ಎಂಟಕ್ಕೆ ಒಂದೂಕಾಲು. ಹನ್ನೊಂದು ಮನೆಯವರು ಒಂದೇ ಹೊತ್ತಿಗೆ ಬಳಸಿದರೆ ಪಾಲು ಸಣ್ಣದಾಗುವುದು ಸಹಜ ಎಂದು ನಾನೂ ಬಹಳ ದಿನ ಸುಮ್ಮನಿದ್ದೆ. ಒಂದು ರಾತ್ರಿ, ಎಲ್ಲ ಮನೆಗಳಿಗೂ ಇಂಟರ್ನೆಟ್ ಹಂಚುವ ಗುಡ್ಡದ ಮೇಲಿನ ಕಂಬದ ಲೆಕ್ಕವನ್ನು ತೆರೆದು ನೋಡಿದೆ. ಎಂಟು ಗಂಟೆಗೆ ಹನ್ನೊಂದೂ ಮನೆಗಳಿಗೆ ಒಟ್ಟು ಸೇರಿ ಸಿಗುತ್ತಿದ್ದದ್ದು ಬರೀ 14. ಅಕ್ಕಿ ರೊಟ್ಟಿಯನ್ನು ಹನ್ನೊಂದು ಚೂರು ಮಾಡಿದ್ದಷ್ಟೇ ಅಲ್ಲ, ಎಲ್ಲರೂ ಕೈ ಹಾಕಿದ ಕೂಡಲೇ ರೊಟ್ಟಿಯೇ ಕಾಲುಭಾಗಕ್ಕೆ ಕುಗ್ಗುತ್ತಿತ್ತು. ಉಳಿದ 48 ಯಾರ ಹೊಟ್ಟೆಗೂ ಹೋಗುತ್ತಿರಲಿಲ್ಲ.

ಹೊಟ್ಟೆಪಾಡಿಗೆ ನಾನು ಮಾಡುವುದು ನೆಟ್‌ವರ್ಕ್ ತಂತ್ರಾಂಶದ ಪರೀಕ್ಷೆ. ಬೆಂಗಳೂರಿನ ಕೆಲಸವನ್ನು ತೋಟದ ಮನೆಯಲ್ಲಿ ಕೂತು ಮಾಡುವವನು. ಹಾಗಾಗಿ ಈ ಕಳೆದುಹೋದ 48ರ ಜಾಡು ಹಿಡಿಯುವುದು ಹಟವೂ ಆಯಿತು, ಅಗತ್ಯವೂ ಆಯಿತು.

ಗುಡ್ಡ, ಕಂಬ, ಮನೆಗಳು

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯವರೆಗೆ ಫೈಬರ್ ಬಂದಿದೆ. ಅಲ್ಲಿಂದ ನಮ್ಮೂರಿಗೆ ಎರಡೂವರೆ ಕಿಲೋಮೀಟರ್ ತೋಟದ ದಾರಿ. ಮಳೆಗಾಲದಲ್ಲಿ ಕೊಂಬೆ ಬಿದ್ದಾಗಲೆಲ್ಲ ಕೇಬಲ್ ಜೋಡಿಸುತ್ತ ಕೂರುವುದು ಯಾರಿಗೂ ಬೇಡದ ಕೆಲಸ. ಅದಕ್ಕೇ ಸ್ಥಳೀಯ ಸೇವಾದಾರರು ರಸ್ತೆಯಂಚಿನಿಂದ ಗುಡ್ಡದ ನೆತ್ತಿಗೆ ಒಂದು ರೇಡಿಯೊ ಸಂಪರ್ಕ ಕೊಟ್ಟು, ನೆತ್ತಿಯ ಕಂಬದ ಮೇಲೆ ಸುತ್ತಲೂ ಹರಡುವ ಒಂದು ಆಂಟೆನಾ ನಿಲ್ಲಿಸಿದರು. ಪ್ರತಿ ಮನೆಯ ಮಾಡಿನ ಮೇಲೂ ಅದರತ್ತ ಮುಖ ಮಾಡಿದ ಊಟದ ತಟ್ಟೆಯಷ್ಟಗಲದ ಒಂದು ಡಿಶ್. ಎಲ್ಲವೂ 5 ಗಿಗಾಹರ್ಟ್ಸ್ ತರಂಗದಲ್ಲಿ, ಒಂದೇ ಚಾನೆಲ್‌ನಲ್ಲಿ. ಈ ತರಂಗಪಟ್ಟಿಗೆ 2018ರಿಂದ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು, ಊರ ಗೋಮಾಳದ ಹಾಗೆ.

ಗುಡ್ಡದ ಮೂಡಣ ಮಗ್ಗುಲಿಗೆ ನಾಲ್ಕು ಮನೆ, ಪಡುವಣಕ್ಕೆ ಐದು, ಕೆಳಗೆ ಹಳ್ಳದ ಪಕ್ಕ ಎರಡು. ಮೂರು ಮನೆಗಳು ಹೋಂಸ್ಟೇ. ಕಂಬಕ್ಕೆ ಎಲ್ಲರೂ ಕಾಣುತ್ತಾರೆ. ಮೂಡಣದವರಿಗೆ ಪಡುವಣದವರು ಕಾಣುವುದಿಲ್ಲ. ಇಡೀ ಪ್ರಕರಣದ ಅರ್ಧ ಗುಟ್ಟು ಈ ಒಂದು ಸಾಲಿನಲ್ಲಿದೆ.

ವೈಫೈ ಜಾತಿಯ ರೇಡಿಯೊಗಳಿಗೆ ಹುಟ್ಟಾ ಒಂದು ಸಭ್ಯತೆಯನ್ನು ಕಲಿಸಿರುತ್ತಾರೆ: ಮಾತನಾಡುವ ಮೊದಲು ಕಿವಿಗೊಡು, ಬೇರೆ ಯಾರೋ ಮಾತನಾಡುತ್ತಿದ್ದರೆ ತಡೆ, ಡಿಕ್ಕಿಯಾದರೆ ಇನ್ನಷ್ಟು ಹೊತ್ತು ತಡೆ. ನಡುವೆ ಗುಡ್ಡ ನಿಂತಾಗ ಕಿವಿ ಕೇಳಿಸುವುದಿಲ್ಲ. ಮೂಡಣದ ಡಿಶ್ ಕಿವಿಗೊಟ್ಟಾಗ ನಿಶ್ಶಬ್ದ, ಪಡುವಣದ ಡಿಶ್‌ಗೂ ನಿಶ್ಶಬ್ದ. ಎರಡೂ ಒಟ್ಟಿಗೆ ಬಾಯಿ ತೆರೆಯುತ್ತವೆ, ಕಂಬದ ಕಿವಿಯಲ್ಲಿ ಎರಡೂ ಕಲಸಿಹೋಗುತ್ತವೆ. ಹವಾಯಿ ದ್ವೀಪಗಳಲ್ಲಿ 1971ರಲ್ಲಿ ಶುರುವಾದ ಅಲೋಹಾ ಜಾಲದ ಸ್ಥಿತಿಯೂ ಹೀಗೇ ಇತ್ತು. ಬೇರೆ ಬೇರೆ ದ್ವೀಪದವರು ಪರಸ್ಪರ ಕೇಳಿಸಿಕೊಳ್ಳದೆ ಒಂದೇ ಕೇಂದ್ರದೊಂದಿಗೆ ಮಾತನಾಡಬೇಕಿತ್ತು. ಹಾಗೆ ಮನಬಂದಾಗ ಮಾತನಾಡುವ ಪದ್ಧತಿಯಲ್ಲಿ ಚಾನೆಲ್‌ನ ಹೆಚ್ಚೆಂದರೆ ಶೇ 18ರಷ್ಟು ಸಮಯ ಮಾತ್ರ ಉಪಯೋಗಕ್ಕೆ ಬರುತ್ತದೆ. ಗಡಿಯಾರದ ತಾಳಕ್ಕೆ ಸರಿಯಾಗಿ ಶುರು ಮಾಡಿದರೆ ಶೇ 37. ಅದೂ ಎಲ್ಲರೂ ಮಿತವಾಗಿ ಮಾತನಾಡಿದರೆ. ಎಲ್ಲರೂ ಬಿಡದೆ ಬಾಯಿ ಹಾಕಿದರೆ ಸೊನ್ನೆ.

ಮಾತಿಗೆ ಮೊದಲು ಸಣ್ಣದೊಂದು ಅನುಮತಿ ಕೇಳುವ ಸೌಲಭ್ಯವೂ ಈ ರೇಡಿಯೊಗಳಲ್ಲಿದೆ. ಹಾಕಿ ನೋಡಿದೆವು. ಅನುಮತಿ ಕೇಳುವ ಸಂದೇಶಗಳೇ ಡಿಕ್ಕಿ ಹೊಡೆದುಕೊಂಡವು.

ಮೊದಲು ಪವರ್ ಏರಿಸಿದವನು

ನಾನೇ. ಹೇಳಿಕೊಳ್ಳಲು ಸಂಕೋಚವಾದರೂ ಪ್ರಕರಣದ ಕಡತದಲ್ಲಿ ಇದು ಇರಬೇಕು.

ಎರಡು ಸಂದೇಶ ಡಿಕ್ಕಿಯಾದಾಗ ಯಾವಾಗಲೂ ಎರಡೂ ಸಾಯುವುದಿಲ್ಲ. ಒಂದು ಸಾಕಷ್ಟು ಜೋರಾಗಿದ್ದರೆ ಕಂಬ ಅದನ್ನು ಹಿಡಿದುಕೊಳ್ಳುತ್ತದೆ, ಮೆಲ್ಲಗಿದ್ದದ್ದು ಮಾತ್ರ ಸಾಯುತ್ತದೆ. ಇದು ಗೊತ್ತಿದ್ದ ನಾನು ಒಂದು ಸೋಮವಾರ ಬೆಳಿಗ್ಗೆ ಸಭೆಗೆ ಮುಂಚೆ ನನ್ನ ಡಿಶ್‌ನ ಪವರನ್ನು ಎಷ್ಟು ಸಾಧ್ಯವೋ ಅಷ್ಟು ಏರಿಸಿದೆ. ಆ ವಾರ ಸ್ವರ್ಗ. ಮುಂದಿನ ವಾರ ಪಡುವಣದ ಹೋಂಸ್ಟೇಯವರು ಸೇವಾದಾರರ ಹುಡುಗನನ್ನು ಕರೆಸಿ ತಮ್ಮದನ್ನೂ ಏರಿಸಿಕೊಂಡರು. ತಿಂಗಳೊಳಗೆ ಹನ್ನೊಂದರಲ್ಲಿ ಒಂಬತ್ತು ಡಿಶ್‌ಗಳು ಗಂಟಲು ಹರಿದುಕೊಳ್ಳುತ್ತಿದ್ದವು.

ನಂತರ ಪಡುವಣದ ಆ ನೆರೆಯವರ ಜೊತೆ ಕೂತು ಎರಡು ರಾತ್ರಿ ಅಳತೆ ಮಾಡಿದೆ, ನಮ್ಮಿಬ್ಬರ ಡಿಶ್ ಮಾತ್ರ ಚಾಲೂ ಇಟ್ಟು. ಇಬ್ಬರೂ ಮೆಲ್ಲಗಿದ್ದರೆ ಮೇಲಕ್ಕೆ ಕಳಿಸುವ ವೇಗ ತಲೆಗೆ ಹತ್ತು. ನಾನು ಜೋರು, ಅವರು ಮೆಲ್ಲಗೆ: ನನಗೆ ಹದಿನಾರು, ಅವರಿಗೆ ಮೂರು. ತಿರುವುಮುರುವಾದರೆ ಅಂಕಿಯೂ ತಿರುವುಮುರುವು. ಇಬ್ಬರೂ ಜೋರು: ತಲೆಗೆ ಏಳು. ಅಗ್ಗದ ರೇಡಿಯೊಗಳು ಪೂರ್ತಿ ಪವರ್‌ನಲ್ಲಿ ಸ್ವರ ಒಡೆದುಕೊಳ್ಳುತ್ತವೆ, ಅದಕ್ಕೇ ಹತ್ತರ ಬದಲು ಏಳು.

ಈ ನಾಲ್ಕು ಸಾಲನ್ನು ಗೇಮ್ ಥಿಯರಿ (ಒಬ್ಬರ ಲಾಭ ಇನ್ನೊಬ್ಬರ ನಡೆಯ ಮೇಲೂ ನಿಂತಿರುವಾಗ ಯಾರು ಏನು ಮಾಡುತ್ತಾರೆ ಎಂಬುದರ ಗಣಿತ) ಓದಿದ ಯಾರಿಗೆ ತೋರಿಸಿದರೂ ಮುಗುಳ್ನಗುತ್ತಾರೆ. ನೆರೆಯವರು ಏನೇ ಮಾಡಲಿ, ಜೋರು ಮಾಡುವುದೇ ನನಗೆ ಲಾಭ: ಅವರು ಮೆಲ್ಲಗಿದ್ದರೆ ಹತ್ತರ ಬದಲು ಹದಿನಾರು, ಜೋರಾಗಿದ್ದರೆ ಮೂರರ ಬದಲು ಏಳು. ಅವರಿಗೂ ಅದೇ ಲೆಕ್ಕ. ಹಾಗಾಗಿ ಇಬ್ಬರೂ ಏಳಕ್ಕೆ ಬಂದು ನಿಲ್ಲುತ್ತೇವೆ, ಹತ್ತು ಹತ್ತು ಸಿಗುವ ದಾರಿ ಕಣ್ಣೆದುರಿಗಿದ್ದರೂ. 1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ರೂಪಿಸಿದ, ಆಮೇಲೆ ಆಲ್ಬರ್ಟ್ ಟಕರ್ ಇಬ್ಬರು ಕೈದಿಗಳ ಕಥೆ ಕಟ್ಟಿ ಹೆಸರಿಟ್ಟ ಆಟವೇ ಇದು. ಒಬ್ಬನೇ ನಡೆ ಬದಲಿಸಿದರೆ ಅವನಿಗೆ ಲಾಭವೇನೂ ಆಗದಂಥ ಇಂಥ ಸ್ಥಿತಿಗೆ, ಅದೇ ವರ್ಷ ಅದನ್ನು ಗಣಿತದಲ್ಲಿ ಕೂರಿಸಿದ ಜಾನ್ ನ್ಯಾಶ್ ಅವರ ಹೆಸರು ಅಂಟಿಕೊಂಡಿದೆ: ನ್ಯಾಶ್ ಸಮತೋಲನ. ಸಮತೋಲನ ಎಂಬ ಪದ ಕೇಳಲು ಹಿತವಾಗಿದೆ. ಕೆಸರಿನಲ್ಲಿ ಹೂತ ಜೀಪು ಕೂಡ ಸಮತೋಲನದಲ್ಲೇ ಇರುತ್ತದೆ.

ಒಂದು ಭಾನುವಾರ ಸಭೆ ಸೇರಿದೆವು. ಕಾಫಿ, ಕೋಡುಬಳೆ, ಒಳ್ಳೆಯ ಮಾತು. ಎಲ್ಲರೂ ಪವರ್ ಇಳಿಸುವುದೆಂದು ಒಪ್ಪಿದರು. ಬುಧವಾರ ಕಂಬದ ಲೆಕ್ಕದಲ್ಲಿ ನೋಡಿದರೆ ಎರಡು ಡಿಶ್ ಮತ್ತೆ ಮೇಲೆ, ಶುಕ್ರವಾರ ಆರು. ಯಾರೂ ಸುಳ್ಳುಗಾರರಲ್ಲ, ಮಗುವಿನ ಆನ್‌ಲೈನ್ ಪಾಠ ನಡುವೆ ಸುತ್ತುತ್ತ ನಿಂತಾಗ ಭಾನುವಾರದ ಮಾತು ಯಾರಿಗೆ ನೆನಪಿರುತ್ತದೆ? ಮಾತು ಮುರಿದರೆ ತಕ್ಷಣ ಲಾಭ, ಮುರಿದದ್ದು ಬೇರೆಯವರಿಗೆ ಕಾಣುವುದಿಲ್ಲ. ಅಂಥ ಒಪ್ಪಂದ ನಿಲ್ಲುವುದಿಲ್ಲ.

ಸಿಲ್ವರ್ ಓಕ್ ಹಿಂದಿನ ಮನೆ

ಪವರಿನ ಜಗಳದಿಂದ ಸ್ವಲ್ಪ ಹೋಗುತ್ತಿತ್ತು, ಎಲ್ಲವೂ ಅಲ್ಲ. ದೊಡ್ಡ ಸೋರಿಕೆ ಬೇರೆ ಕಡೆ ಇತ್ತು.

ಅಷ್ಟು ಹೊತ್ತಿಗೆ ಊರೆಲ್ಲ ಹೋಂಸ್ಟೇಗಳ ಮೇಲೆ ಗೂಬೆ ಕೂರಿಸಿಯಾಗಿತ್ತು. ಅತಿಥಿಗಳು ರಾತ್ರಿಯೆಲ್ಲ ಸಿನಿಮಾ ನೋಡುತ್ತಾರೆ ಎಂಬುದು ಆರೋಪ. ನಾನು ಕಂಬದ ಲೆಕ್ಕದಲ್ಲಿ ಯಾರು ಎಷ್ಟು ದತ್ತಾಂಶ ತೆಗೆದುಕೊಂಡರು ಎಂಬ ಕಾಲಂ ಬಿಟ್ಟು, ಯಾರು ಎಷ್ಟು ಹೊತ್ತು ಗಾಳಿಯನ್ನು, ಅಂದರೆ ಆ ಒಂದೇ ಚಾನೆಲನ್ನು, ಹಿಡಿದಿಟ್ಟರು ಎಂಬ ಕಾಲಂ ನೋಡಿದೆ. ದತ್ತಾಂಶದಲ್ಲಿ ಎಂಟನೇ ಸ್ಥಾನದಲ್ಲಿದ್ದ ಮನೆ ಹೊತ್ತಿನಲ್ಲಿ ಮೊದಲನೆಯದು, ಅದೂ ಭಾರೀ ಅಂತರದಲ್ಲಿ. ಹಳ್ಳದ ಪಕ್ಕದ ಮನೆ. ವಯಸ್ಸಾದ ಬೆಳೆಗಾರರೊಬ್ಬರು, ಅವರ ಹೆಂಡತಿ, ಒಂದು ನಾಯಿ.

ಅವರ ಮಾಡಿಗೂ ಕಂಬಕ್ಕೂ ನಡುವೆ ಸಿಲ್ವರ್ ಓಕ್ ಸಾಲು. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಒದ್ದೆ ಎಲೆ ಈ ತರಂಗವನ್ನು ಚೆನ್ನಾಗಿ ಹೀರುತ್ತದೆ. ಸಂಕೇತ ದುರ್ಬಲವಾದಾಗ ರೇಡಿಯೊ ಮಾಡುವುದು ಒಂದೇ, ನಿಧಾನವಾಗಿ ಬಿಡಿಸಿ ಬಿಡಿಸಿ ಮಾತನಾಡುವುದು. ನಮ್ಮ ಮನೆಯ ಡಿಶ್ 130 ಎಂಬಿಪಿಎಸ್ ದರದಲ್ಲಿ ಮಾತನಾಡುತ್ತಿದ್ದರೆ ಅವರದು 6.5ರಲ್ಲಿ. ದತ್ತಾಂಶ ಹೋಗುವುದು ಸಣ್ಣ ಸಣ್ಣ ಪೊಟ್ಟಣಗಳಲ್ಲಿ (ಪ್ಯಾಕೆಟ್). ಅದೇ 1,500 ಬೈಟುಗಳ ಒಂದು ಪೊಟ್ಟಣ ಕಳಿಸಲು ನಮಗೆ ಮಿಲಿಸೆಕೆಂಡಿನ ಹತ್ತನೇ ಒಂದಕ್ಕಿಂತ ಕಡಿಮೆ ಸಾಕು. ಅವರಿಗೆ 1.85 ಮಿಲಿಸೆಕೆಂಡು. ಇಪ್ಪತ್ತು ಪಟ್ಟು.

ಇಲ್ಲೊಂದು ವಿಚಿತ್ರವಿದೆ. ಸಾಮಾನ್ಯ ವೈಫೈ ನಿಯಮ ಎಲ್ಲರಿಗೂ ಸಮಾನವಾಗಿ ಕೊಡುವುದು ಹೊತ್ತನ್ನಲ್ಲ, ಪೊಟ್ಟಣ ಕಳಿಸುವ ಅವಕಾಶವನ್ನು. ನೀವೊಂದು, ನಾನೊಂದು. ಇಬ್ಬರೇ ಇದ್ದಾರೆ, ಡಿಕ್ಕಿಯೇ ಇಲ್ಲ ಎಂದುಕೊಂಡರೂ ಒಂದು ಸುತ್ತಿಗೆ 1.94 ಮಿಲಿಸೆಕೆಂಡು ಬೇಕು, ಅಷ್ಟರಲ್ಲಿ ಹೋಗುವುದು ಎರಡು ಪೊಟ್ಟಣ. ಲೆಕ್ಕ ಹಾಕಿದರೆ ತಲೆಗೆ 6.2 ಎಂಬಿಪಿಎಸ್. 130ರ ಮನೆಯೂ 6.5ರ ಮನೆಯ ಮಟ್ಟಕ್ಕೆ ಇಳಿಯಿತು! ತೋಟದ ದಾರಿಯಲ್ಲಿ ಮುಂದೆ ಟ್ರ್ಯಾಕ್ಟರ್ ಸಿಕ್ಕಿದರೆ ಹಿಂದಿನ ಕಾರಿನ ಎಂಜಿನ್ ಯಾವುದಾದರೇನು?

ಆ ಹಿರಿಯರು ಹಾಗಾದರೆ ಅಷ್ಟೆಲ್ಲ ಏನು ಕಳಿಸುತ್ತಿದ್ದರು? ಕಣದಲ್ಲಿ ಒಣಹಾಕಿದ ಮೆಣಸು ಕಳುವಾಗುತ್ತದೆಂದು ಮಗ ಎರಡು ಕ್ಯಾಮೆರಾ ಹಾಕಿಸಿದ್ದ. ಅವು ಹಗಲೂ ರಾತ್ರಿ 2 ಎಂಬಿಪಿಎಸ್‌ನಷ್ಟು ಚಿತ್ರವನ್ನು ಎಲ್ಲೋ ದೂರದ ಸರ್ವರಿಗೆ ಕಳಿಸುತ್ತಿದ್ದವು. 6.5ರ ದರದಲ್ಲಿ 2 ಎಂದರೆ ಗಾಳಿಯ ಮೂರನೇ ಒಂದು ಭಾಗ, ಸತ್ತ ಪೊಟ್ಟಣಗಳನ್ನು ಮತ್ತೆ ಕಳಿಸುವ ಹೊತ್ತೂ ಸೇರಿದರೆ ಅರ್ಧದ ಹತ್ತಿರ.

ಅವರಿಗೆ ಯಾವ ತೊಂದರೆಯೂ ಇರಲಿಲ್ಲ ಎಂಬುದೇ ಇಲ್ಲಿನ ತೊಡಕು. ಕ್ಯಾಮೆರಾ ನಡೆಯುತ್ತಿತ್ತು, ಮಂಗಳೂರಿನ ಮಗಳ ವಿಡಿಯೊ ಕರೆ ಬರುತ್ತಿತ್ತು. ಖರ್ಚು ಮಾಡಿ ಏನನ್ನಾದರೂ ಸರಿಪಡಿಸಬೇಕೆಂಬ ಕಾರಣವೇ ಅವರಿಗಿಲ್ಲ. ನೋವು ಪೂರ್ತಿ ಉಳಿದ ಹತ್ತು ಮನೆಯದು, ಮದ್ದು ಹನ್ನೊಂದನೆಯ ಮನೆಯಲ್ಲಿ.

ಏನು ಮಾಡಬಹುದಿತ್ತು, ಏನು ಮಾಡಿದೆವು

ಮೊದಲ ಸಲಹೆ ಕತ್ತರಿಯದು: ಮರಗಸಿ ಮಾಡುವಾಗ ಆ ಸಾಲನ್ನು ಸ್ವಲ್ಪ ಹೆಚ್ಚು ಸವರಿಬಿಡಿ. ಹಿರಿಯರು ನಮ್ಮನ್ನು ಕರೆದುಕೊಂಡು ಹೋಗಿ ಮರಗಳನ್ನು ತೋರಿಸಿದರು. ಪ್ರತಿ ಕಾಂಡಕ್ಕೂ ಮೆಣಸಿನ ಬಳ್ಳಿ ಕೈಗೆಟುಕದಷ್ಟು ಎತ್ತರಕ್ಕೆ ಹಬ್ಬಿತ್ತು. ಆ ವಿಷಯ ಅಲ್ಲಿಗೇ ಮುಗಿಯಿತು.

ಎರಡನೆಯದು ಸರದಿ. ಯಾರಿಗೆ ಯಾವಾಗ ಮಾತು ಎಂಬುದನ್ನು ಕಂಬವೇ ನಿರ್ಧರಿಸಿ ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ, ಪ್ರತಿಯೊಬ್ಬರಿಗೂ ಪೊಟ್ಟಣದ ಬದಲು ಸಮಾನ ಹೊತ್ತು. ಇದು ಬಂದರೆ ಡಿಕ್ಕಿಯೂ ಇಲ್ಲ, ಪವರಿನ ಪೈಪೋಟಿಗೆ ಅರ್ಥವೂ ಇಲ್ಲ. ಗುಡ್ಡದಾಚೆಯವರು ಕೇಳಿಸದಿದ್ದರೂ ನಡೆಯುತ್ತದೆ. ನಮ್ಮೂರಿಗೆ ಇದನ್ನು ವಿವರಿಸುವ ಕಷ್ಟವೇ ಬರಲಿಲ್ಲ. ಮೇಲಿನ ಅಬ್ಬಿ ನೀರನ್ನು ಪೈಪಿನಲ್ಲಿ ಹಂಚಿಕೊಳ್ಳುವುದು ಪಾಳಿಯ ಮೇಲೆಯೇ, ಲೀಟರ್ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ. ಪೈಪು ಸಣ್ಣದಿದ್ದರೆ ಅದು ಅವರವರ ಹಣೆಬರಹ.

ಆದರೆ ಆ ಹಣೆಬರಹದ ಲೆಕ್ಕವೇ ಇಲ್ಲಿ ತೊಡಕಾಯಿತು. ಎಲ್ಲರೂ ಬಳಸುವ ಹೊತ್ತಿನಲ್ಲಿ ಹಿರಿಯರ ಪಾಲು ಹನ್ನೊಂದರಲ್ಲಿ ಒಂದು ಹೊತ್ತು, 6.5ನ್ನು ಹನ್ನೊಂದರಿಂದ ಭಾಗಿಸಿದರೆ 0.6 ಕೂಡ ಇಲ್ಲ. ಕ್ಯಾಮೆರಾ ಸತ್ತಹಾಗೆ. ನ್ಯಾಶ್ ಅವರ ಇನ್ನೊಂದು ಪ್ರಬಂಧ, ಅದೂ 1950ರದ್ದೇ, ಚೌಕಾಸಿಯ ಕುರಿತದ್ದು: ಎಲ್ಲರ ಲಾಭಗಳನ್ನು ಗುಣಿಸಿದಾಗ ಬರುವ ಗುಣಲಬ್ಧ ಅತಿ ಹೆಚ್ಚಾಗುವ ಹಂಚಿಕೆಯೇ ಒಪ್ಪತಕ್ಕದ್ದು ಎಂದು. ಮೇಲಿನ ಇಬ್ಬರ ಉದಾಹರಣೆಯಲ್ಲಿ ಸಮಾನ ಪೊಟ್ಟಣಕ್ಕೆ 6.2 ಗುಣಿಸು 6.2, ಅಂದರೆ 38. ಸಮಾನ ಹೊತ್ತಿಗೆ 65 ಗುಣಿಸು 3.25, ಅಂದರೆ 211. ಕಾಗದದ ಮೇಲೆ ಸಮಾನ ಹೊತ್ತೇ ಗೆದ್ದಿತು. ಆದರೆ ಆ ಪ್ರಬಂಧದಲ್ಲಿ ಲಾಭವನ್ನು ಅಳೆಯುವುದು ಒಪ್ಪಂದ ಮುರಿದರೆ ಪ್ರತಿಯೊಬ್ಬರ ಕೈಯಲ್ಲಿ ಉಳಿಯುವುದರಿಂದ ಮೇಲಕ್ಕೆ. ಒಪ್ಪಂದವಿಲ್ಲದೆಯೇ ಹಿರಿಯರ ಕೈಯಲ್ಲಿ 2 ಎಂಬಿಪಿಎಸ್ ಇತ್ತು. 0.6 ಕೊಡುತ್ತೇವೆ ಎಂದರೆ ಅವರು ಚೌಕಾಸಿಗೆ ಕೂರಬೇಕಾದರೂ ಏಕೆ? ಅವರನ್ನು ಬಿಟ್ಟು ಬಹುಮತದಿಂದ ಮಾಡಬಹುದಿತ್ತು. ಯಾರೂ ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ, ಒಂದೆರಡು ತಲೆಯಲ್ಲಿ ಓಡಿದ್ದು ಮಾತ್ರ ನಿಜ.

ಹಾಗಾಗಿ ಕ್ರಮ ತಿರುಗಿಸಿದೆವು. ಮೊದಲು ಅವರ ಡಿಶ್, ಆಮೇಲೆ ಸರದಿ. ಕಣದ ಮೂಲೆಯಲ್ಲಿ, ಮನೆಯಿಂದ ಸುಮಾರು ಅರವತ್ತು ಮೀಟರ್ ದೂರದಲ್ಲಿ, ಮರಗಳ ನಡುವೆ ಒಂದು ಕಿಂಡಿ ಇತ್ತು. ಅಲ್ಲಿ ನಿಂತರೆ ಕಂಬ ಬರಿಗಣ್ಣಿಗೆ ಕಾಣುತ್ತಿತ್ತು. ಡಿಶ್‌ಗೆ ವಿದ್ಯುತ್ತು ಮತ್ತು ದತ್ತಾಂಶ ಎರಡನ್ನೂ ಒಯ್ಯುವ ಕೇಬಲ್ ನೂರು ಮೀಟರ್ ತನಕ ತಡೆಯುತ್ತದೆ. ಒಂದು ಜಿಐ ಪೈಪ್, ಬುಡಕ್ಕೆ ಕಾಂಕ್ರೀಟ್, ಹೊರಗಿನ ಹವೆಗೆ ತಾಳುವ ಕೇಬಲ್, ಕೂಲಿ: ಆರು ಸಾವಿರ ರೂಪಾಯಿ.

ಯಾರು ಕೊಡಬೇಕು? ಹಿರಿಯರು ಎನ್ನುವುದು ಒಂದು ವಾದ. ಗಾಳಿ ಕೆಡಿಸುವವನೇ ತೆರಬೇಕು. ಉಳಿದವರು ಎನ್ನುವುದು ಇನ್ನೊಂದು, ಲಾಭ ಅವರದು. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞರು 1959ರಲ್ಲಿ ರೇಡಿಯೊ ತರಂಗಗಳ ಹಂಚಿಕೆಯ ಬಗ್ಗೆಯೇ ಬರೆಯುತ್ತ, ತೊಂದರೆ ಯಾವಾಗಲೂ ಎರಡೂ ಕಡೆಯದು, ಹಕ್ಕು ಯಾರದೆಂದು ಸ್ಪಷ್ಟವಾಗಿ ಚೌಕಾಸಿ ಸುಲಭವಾಗಿದ್ದರೆ ಜನ ತಾವೇ ಒಳ್ಳೆಯ ವ್ಯವಸ್ಥೆಗೆ ಬರುತ್ತಾರೆ ಎಂಬ ದಾರಿಯ ವಾದ ಮಂಡಿಸಿದ್ದರು. ಹನ್ನೊಂದು ಮನೆಯ ಊರಿನಲ್ಲಿ ಚೌಕಾಸಿ ಸುಲಭ. ಹಕ್ಕಿನ ವಿಷಯವನ್ನು ಯಾರೂ ಎತ್ತದೆ ಹತ್ತು ಮನೆ ತಲಾ ಆರುನೂರು ಎಂದಾಯಿತು.

ಎಂದಾಯಿತು, ಬರಲಿಲ್ಲ. ಕಂಬ ನೆಟ್ಟಮೇಲೆ ವೇಗ ಎಲ್ಲರಿಗೂ ಸಿಗುತ್ತದೆ, ಕೊಟ್ಟವರಿಗೂ ಕೊಡದವರಿಗೂ. ಎರಡು ವಾರದಲ್ಲಿ ನಾಲ್ಕು ಮನೆಯ ಹಣ. ಉಳಿದವರು ‘ಕೊಯ್ಲು ಮುಗಿಯಲಿ’ ಎಂದರು. ಆಗ ಅಬ್ಬಿ ನೀರಿನ ಹಣಕಾಸು ನೋಡಿಕೊಳ್ಳುವ ಮಹಿಳೆ, ಲೆಕ್ಕದಲ್ಲಿ ಖಡಕ್ಕು, ಒಂದು ಷರತ್ತು ಹಾಕಿದರು: ಹತ್ತೂ ಮನೆಯ ಹಣ ತಿಂಗಳ ಕೊನೆಯೊಳಗೆ ಬಂದರೆ ಕೆಲಸ, ಒಂದು ಕಡಿಮೆಯಾದರೂ ಎಲ್ಲರದ್ದೂ ವಾಪಸು. ಅಷ್ಟೇ. ಒಬ್ಬ ಕೊಡದಿದ್ದರೆ ಉಳಿದವರು ಹೇಗೂ ಮಾಡಿಬಿಡುತ್ತಾರೆ ಎಂಬ ಆಸೆಗೆ ಅಲ್ಲಿ ಜಾಗವಿರಲಿಲ್ಲ. ನಾನು ಕೊಡದಿದ್ದರೆ ನನಗೂ ಇಲ್ಲ. ಇಪ್ಪತ್ತೆಂಟನೇ ತಾರೀಕಿಗೆ ಹತ್ತನೆಯ ಮನೆಯ ಹಣ ಬಂತು. ಈ ಉಪಾಯಕ್ಕೆ ಅರ್ಥಶಾಸ್ತ್ರದಲ್ಲಿ ಹೆಸರಿದೆ, ಆಕೆಗೆ ಅದು ಬೇಕಿರಲಿಲ್ಲ.

ಹೊಸ ಜಾಗದಲ್ಲಿ ಹಿರಿಯರ ಡಿಶ್ 65ಕ್ಕೆ ಏರಿತು. ಅದೇ ಕ್ಯಾಮೆರಾ ಈಗ ಗಾಳಿಯ ಮೂರನೇ ಒಂದರ ಬದಲು ಮೂವತ್ತನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಸರದಿ ಪದ್ಧತಿಗೆ ಇನ್ನೊಂದು ತಿಂಗಳು ಹಿಡಿಯಿತು, ಬೇರೆ ತಯಾರಕರ ಎರಡು ಡಿಶ್‌ಗಳಿಗೆ ಕಂಬದ ಕರೆ ಅರ್ಥವಾಗುತ್ತಿರಲಿಲ್ಲ, ಅವನ್ನು ಬದಲಿಸಬೇಕಾಯಿತು. ಸರದಿ ಬಂದ ದಿನ ಪವರನ್ನು ಕಂಬವೇ ತಾನಾಗಿ ಇಳಿಸಿತು. ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾದವರು ಏರಿಸಲು ಹೋಗಲಿಲ್ಲ, ಏರಿಸಿದರೆ ಏನೂ ಸಿಗುವುದಿಲ್ಲ. ಭಾನುವಾರದ ಕೋಡುಬಳೆ ಸಭೆ ಮಾಡಲಾಗದ್ದು ಒಂದು ಸೆಟ್ಟಿಂಗ್‌ನಿಂದ ಆಯಿತು.

ಸಭ್ಯತೆಯನ್ನು ಯಂತ್ರದೊಳಗೇ ಕೂರಿಸಿದ್ದು ಇದೇ ಮೊದಲಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ಸಂಪರ್ಕದ ವೇಗ ದಟ್ಟಣೆಯಿಂದ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗೆ ಕುಸಿದಿತ್ತು. ನೆಟ್‌ವರ್ಕ್ ತಜ್ಞ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಮದ್ದು, ಪೊಟ್ಟಣ ಕಳೆದುಹೋದರೆ ಕಳಿಸುವವನು ತಾನೇ ವೇಗ ತಗ್ಗಿಸಬೇಕು ಎಂಬುದು. ಅದನ್ನು ಪಾಲಿಸದವನಿಗೇ ಲಾಭ ಎಂಬುದು ಎಲ್ಲ ತಜ್ಞರಿಗೂ ಗೊತ್ತು. ಆದರೂ ಅದು ಉಳಿದುಕೊಂಡದ್ದಕ್ಕೆ ಒಂದು ದೊಡ್ಡ ಕಾರಣ, ಆ ಸಭ್ಯತೆ ನಾವು ಕೈ ಹಾಕದ ಜಾಗದಲ್ಲಿ, ಕಂಪ್ಯೂಟರಿನ ಒಳಗೆ ಕೂತಿರುವುದು.

ಈಗ

ರಾತ್ರಿ ಎಂಟಕ್ಕೆ ಒಟ್ಟು 46. ಜೋರು ಮಳೆಯಿದ್ದರೆ 35ರ ಆಸುಪಾಸು. ಸ್ವಾರ್ಥದ ಸಮತೋಲನದಲ್ಲಿ ಸಿಗುವುದಕ್ಕೂ ಒಳ್ಳೆಯ ವ್ಯವಸ್ಥೆಯಲ್ಲಿ ಸಿಗುವುದಕ್ಕೂ ಇರುವ ಅನುಪಾತವನ್ನು ಗೇಮ್ ಥಿಯರಿಯವರು ಅರಾಜಕತೆಯ ಬೆಲೆ ಎನ್ನುತ್ತಾರೆ. ದಟ್ಟಣೆ ಹೆಚ್ಚಿದಂತೆ ವಿಳಂಬ ಸರಳರೇಖೆಯಲ್ಲಿ ಏರುವ ಜಾಲಗಳಲ್ಲಿ, ಎಲ್ಲರೂ ತಂತಮ್ಮ ದಾರಿ ನೋಡಿಕೊಂಡರೂ ಒಟ್ಟು ವಿಳಂಬ ಅತ್ಯುತ್ತಮದ 4/3 ಪಟ್ಟನ್ನು (ಸುಮಾರು 1.33) ಮೀರದು ಎಂದು ಟಿಮ್ ರಫ್‌ಗಾರ್ಡನ್ ಮತ್ತು ಇವಾ ಟಾರ್ಡೋಸ್ 2002ರಲ್ಲಿ ತೋರಿಸಿದ್ದಾರೆ. ನಮ್ಮದು ಆ ಜಾತಿಯ ಜಾಲವಲ್ಲ. 14 ಮತ್ತು 46: ನಾವು ತೆತ್ತದ್ದು ಮೂರು ಪಟ್ಟಿಗೂ ಮಿಗಿಲು.

ಜಗಳ ಮುಗಿದಿಲ್ಲ. ಪಡುವಣದ ಹೋಂಸ್ಟೇಯವರು ಎರಡು ಪಾಲು ಹಣ ಕೊಡುತ್ತೇನೆ, ಶನಿವಾರ ಎರಡು ಸರದಿ ಕೊಡಿ ಎನ್ನುತ್ತಿದ್ದಾರೆ. ಕೊಟ್ಟ ಹಣದ ಪ್ರಮಾಣದಲ್ಲಿ ಪಾಲು ಕೊಡುವುದು ಒಟ್ಟಾರೆ ಒಳ್ಳೆಯದೇ ಎಂದು ಗಣಿತಜ್ಞ ಫ್ರ್ಯಾಂಕ್ ಕೆಲ್ಲಿ 1990ರ ದಶಕದಲ್ಲಿ ಮಾಡಿದ ಗಣಿತವಿದೆ. ನಾನು ಅದರ ಪರ. ಲೆಕ್ಕದ ಮಹಿಳೆ ವಿರುದ್ಧ. ಅಬ್ಬಿ ನೀರಿನಲ್ಲಿ ದುಡ್ಡು ಕೊಟ್ಟವರಿಗೆ ಎರಡು ಪಾಳಿ ಕೊಟ್ಟ ಉದಾಹರಣೆ ನಮ್ಮೂರಲ್ಲಿಲ್ಲ, ಒಮ್ಮೆ ಕೊಟ್ಟರೆ ನೀರಿಗೂ ಕೇಳುತ್ತಾರೆ ಎಂಬುದು ಅವರ ವಾದ. ಕೊನೆಗೆ ನಾಲ್ಕು ಶನಿವಾರ ಪರೀಕ್ಷೆ ಮಾಡಿ ನೋಡುವುದೆಂದಾಯಿತು. ಮೊದಲ ಶನಿವಾರ ಹೋಂಸ್ಟೇ ತುಂಬಿತ್ತು. ಅಂಕಿ ಬರೆದುಕೊಳ್ಳಲು ನಾನು ಏಳೂವರೆಗೇ ಸಿದ್ಧನಾಗಿ ಕೂತಿದ್ದೆ. ಏಳು ನಲವತ್ತಕ್ಕೆ ಕರೆಂಟು ಹೋಯಿತು, ಬೆಳಗಿನವರೆಗೆ ಬರಲಿಲ್ಲ.